ಐದನೇ ತಿಂಗಳಿಗೆ ಕಟ್ಟಿದ ಲಿಂಗ

ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಖಾನಾವಳಿಯ ಬೋರ್ಡಿನ ಮೇಲೆ ಬೆನಕಪ್ಪನ ಹೆಸರಿದೆ. ಗಲ್ಲಾದ ಮುಂದೆ ಕೂರುವವನೂ ಅವನೇ. ಆದರೆ ಬಸ್ಸಿನ ಕಂಡಕ್ಟರುಗಳಿಂದ ಹಿಡಿದು ತಾಲ್ಲೂಕು ಕಚೇರಿಯ ಗುಮಾಸ್ತರವರೆಗೆ ಬಂದವರೆಲ್ಲ ಮೊದಲು ಕೇಳುವುದು ಅವನ ಹೆಂಡತಿಯನ್ನು. ಒಲೆಯ ಮುಂದೆ ಶಂಕ್ರಮ್ಮ ಇಲ್ಲದ ದಿನ ರೊಟ್ಟಿ ಬಿರುಸು, ಎಣ್ಣೆಗಾಯಿ ಸಪ್ಪೆ ಅನ್ನುವುದು ಗಿರಾಕಿಗಳ ನಂಬಿಕೆ. ಅವಳದೂ ಅದೇ ನಂಬಿಕೆ, ಅದರಲ್ಲಿ ಸಂಕೋಚವೇನೂ ಇರಲಿಲ್ಲ. ಯಾರಿಗೆ ಏನೇ ಆಗಲಿ, ಜ್ವರ ಬರಲಿ, ಗಂಡ ಹೆಂಡಿರ ಜಗಳವಾಗಲಿ, ಮಗ ಪರೀಕ್ಷೆಯಲ್ಲಿ ನಪಾಸಾಗಲಿ, ಶಂಕ್ರಮ್ಮನ ಹತ್ತಿರ ಇದ್ದ ಮದ್ದು ಒಂದೇ. "ಮೊದ್ಲು ಉಣ್ಣು. ಆಮೇಲೆ ಮಾತಾಡು" ಅನ್ನುತ್ತಿದ್ದಳು.

ಶ್ರಾವಣ ಹಿಡಿದ ವಾರದಲ್ಲಿ ಮಗ ಮಹಾಂತೇಶ ಹೆಂಡತಿಯನ್ನು ಕರೆದುಕೊಂಡು ದಾವಣಗೆರೆಗೆ ಸ್ಕ್ಯಾನಿಂಗಿಗೆ ಹೋಗಿ ಬಂದಾಗಲೂ ಅವಳು ಹಾಗೇ ಅಂದಳು. ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಎರಡು ತಟ್ಟೆ ಹಾಕಿ, ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಗಟ್ಟಿ ಮೊಸರು ಬಡಿಸಿದಳು.

"ಹೆಂಗೈತಂತೆ ಕೂಸು?"

ಸೊಸೆ ಶಿವಲೀಲಾ ರೊಟ್ಟಿ ಮುರಿದಳು. ಮುರಿದ ಚೂರನ್ನು ಮತ್ತೆ ಮುರಿದಳು. ಬಾಯಿಗೆ ಮಾತ್ರ ಇಡಲಿಲ್ಲ. ಮಹಾಂತೇಶ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅವ್ವ, ಕೂಸಿಗೆ ತಲೆಬುರುಡೆ ಕಟ್ಟಿಲ್ಲಂತೆ."

"ಕಟ್ಟಿಲ್ಲ ಅಂದ್ರೇನು? ಇನ್ನೂ ಐದೂವರೆ ತಿಂಗಳು. ಕಟ್ತೈತೆ ಬಿಡು."

"ಕಟ್ಟಲ್ಲವ್ವ. ಕಟ್ಟೋದಿದ್ರೆ ಮೊದಲ್ನೇ ತಿಂಗಳಾಗೇ ಕಟ್ಟಬೇಕಿತ್ತಂತೆ. ಮೆದುಳೂ ಪೂರ್ತಿ ಇಲ್ಲಂತೆ. ಹುಟ್ಟಿದ್ರೂ ಒಂದು ಗಳಿಗೆ ಇರ್ತೈತೋ ಇಲ್ವೋ. ಏನಾದ್ರೂ ತಿನ್ನಿಸಿದ್ರೆ ಸರಿ ಹೋಗ್ತೈತಾ ಮೇಡಂ ಅಂತ ನಾನೇ ಕೇಳ್ದೆ. ಊಟದಿಂದ, ಔಷಧದಿಂದ ಆಗೋದಲ್ಲ ಅಂದ್ರು." ಮಹಾಂತೇಶ ರಿಪೋರ್ಟಿನ ಕವರು ತೆಗೆದು ತಟ್ಟೆಯ ಪಕ್ಕದಲ್ಲಿಟ್ಟ. "ತೆಗೆಸೋದೇ ಒಳ್ಳೇದಂತೆ. ಇಪ್ಪತ್ನಾಲ್ಕು ವಾರದೊಳಗಾದ್ರೆ ಇಬ್ಬರು ಡಾಕ್ಟ್ರು ಸಹಿ ಹಾಕಿದ್ರೆ ಸಾಕು. ಅದು ದಾಟಿದ್ರೆ ದೊಡ್ಡ ಡಾಕ್ಟ್ರುಗಳ ಬೋರ್ಡ್ ಅಂತ ಐತಂತೆ, ಅವ್ರ ಮುಂದೆ ಹೋಗಬೇಕು."

ಶಂಕ್ರಮ್ಮನ ಕಣ್ಣು ಮಗನ ಮೇಲೆ ನಿಲ್ಲಲಿಲ್ಲ, ಸೊಸೆಯ ಮುಖದ ಮೇಲೂ ನಿಲ್ಲಲಿಲ್ಲ. ಸೊಸೆಯ ಕೊರಳಿಗೆ ಹೋಯಿತು. ಅಲ್ಲಿ ಲಿಂಗ ಕಟ್ಟಿದ ಎರಡು ಶಿವದಾರಗಳಿದ್ದವು. ಒಂದು ಶಿವಲೀಲಾಳದು, ಇನ್ನೊಂದು ಹೊಟ್ಟೆಯೊಳಗಿದ್ದ ಕೂಸಿನದು.

ಅವರ ಮನೆತನದಲ್ಲಿ ಎಂಟನೇ ತಿಂಗಳು ತುಂಬಿದಾಗ ಅಯ್ಯನವರು ಬಂದು ಹೊಟ್ಟೆಯ ಕೂಸಿನ ಹೆಸರಿನಲ್ಲಿ ತಾಯಿಯ ಕೊರಳಿಗೆ ಲಿಂಗ ಕಟ್ಟುತ್ತಾರೆ. ಹುಟ್ಟಿದ ಮೇಲೆ ಅದು ಕೂಸಿನದು. ಆದರೆ ಶಿವಲೀಲಾಳಿಗೆ ಎರಡು ಸಲ ಮೂರನೇ ತಿಂಗಳಿಗೇ ಹೋಗಿತ್ತು. ಮೂರನೆಯ ಬಸಿರು ನಾಲ್ಕು ದಾಟಿದ್ದೇ ತಡ, ಶಂಕ್ರಮ್ಮ ರುದ್ರಮುನಿ ಅಯ್ಯನವರ ಬೆನ್ನು ಬಿದ್ದಳು. "ಎಂಟಕ್ಕೆ ಕಟ್ಟೋದು ಕಣಮ್ಮ, ಐದಕ್ಕಲ್ಲ" ಎಂದು ಅಯ್ಯನವರು ಹೇಳಿದರು. "ಲಿಂಗ ಕಟ್ಟಿದ ಜೀವಾನ ಶಿವ ಕೈಬಿಡಾಕಿಲ್ಲ, ಕಟ್ರಿ" ಎಂದು ಇವಳು ಹಟ ಹಿಡಿದಳು. ಕೊನೆಗೆ ಅವರೂ ಸೋತು ಕಟ್ಟಿದ್ದರು. ಆಶಾ ಕಾರ್ಯಕರ್ತೆ ನಾಗರತ್ನ ಮನೆಗೆ ಬಂದಾಗಲೆಲ್ಲ ಸ್ಕ್ಯಾನಿಂಗ್ ಆಯ್ತಾ ಎಂದು ಕೇಳುತ್ತಲೇ ಇದ್ದಳು. ಮೊದಲು ಲಿಂಗ, ಆಮೇಲೆ ಸ್ಕ್ಯಾನಿಂಗು ಎಂದು ಅದನ್ನು ಮುಂದಕ್ಕೆ ಹಾಕಿದವಳೂ ಶಂಕ್ರಮ್ಮನೇ.

"ಲಿಂಗ ಆಗಿರೋ ಜೀವ ಅದು" ಎಂದಳು ಈಗ. "ತೆಗೆಸೋದು ಅಂದ್ರೆ ಏನರ್ಥ ಗೊತ್ತೈತಾ ನಿಂಗೆ?"

"ಅವ್ವ, ಅದು ಉಳಿಯಲ್ಲ."

"ಉಳಿಯೋದು ಬಿಡೋದು ಶಿವಂದು. ತೆಗೆಸೋದು ನಮ್ದು. ಕೊಲ್ಲಾಕೆ ನಮಗ್ಯಾರು ಅಧಿಕಾರ ಕೊಟ್ರು?"

"ಕೊಲ್ಲೋದು ಅನ್ನಬೇಡ!" ಮಹಾಂತೇಶ ಎದ್ದು ನಿಂತ. "ನಂದೂ ಅಲ್ವಾ ಅದು? ನಂಗೇನು ಖುಷಿನಾ?"

ಗಲ್ಲಾದಿಂದ ಬೆನಕಪ್ಪ ಒಳಗೆ ಬಂದ. ಜಗಳ ಅಂದರೆ ಅವನಿಗೆ ಆಗದು. ನಲವತ್ತು ವರ್ಷ ಹೆಂಡತಿಯ ಪಕ್ಕದಲ್ಲಿ ಬಾಳಿ ಅವನು ಕಲಿತದ್ದು ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು. ಆದರೂ ಅವತ್ತು ಅಂದ: "ಆ ಹುಡುಗೀನ ಕೇಳ್ರೋ. ಹೊಟ್ಟೆಯಾಗೆ ಇಟ್ಕೊಂಡಿರೋಳು ಅವಳು."

ಮೂವರೂ ಶಿವಲೀಲಾಳ ಕಡೆ ತಿರುಗಿದರು. ಕತ್ತಲಗೆರೆಯ ಹುಡುಗಿ. ಮಾತು ಕಡಿಮೆ. ಮದುವೆಯಾಗಿ ಬಂದ ಐದು ವರ್ಷದಲ್ಲಿ ಅತ್ತೆಯ ಮಾತಿಗೆ ಎದುರು ಹೇಳಿದವಳಲ್ಲ. ಹಾಗಂತ ಅತ್ತೆ ಕೆಟ್ಟವಳೂ ಅಲ್ಲ. ಎರಡು ಸಲ ಬಸಿರು ಹೋದಾಗಲೂ ಹೆತ್ತ ತಾಯಿಗಿಂತ ಹೆಚ್ಚಾಗಿ ಎಣ್ಣೆ ನೀರು ಹಾಕಿ ಆರೈಕೆ ಮಾಡಿದವಳು ಶಂಕ್ರಮ್ಮ.

"ಅದು ಒದೀತೈತೆ ಅತ್ತೆ" ಎಂದಳು ಶಿವಲೀಲಾ. "ಸ್ಕ್ಯಾನ್ ಮಾಡಬೇಕಾದ್ರೂ ಒದೀತು. ನಂಗೇನೂ ತಿಳೀತಿಲ್ಲ. ನೀವೇ ಹೇಳ್ರಿ. ಪಾಪ ಅಲ್ಲ ಅಂದ್ರೆ ತೆಗೆಸ್ತೀನಿ. ಪಾಪ ಅಂದ್ರೆ ಇಟ್ಕೊಂತೀನಿ."

ಊರಿಗೆಲ್ಲ ಬುದ್ಧಿ ಹೇಳುವವಳು ಶಂಕ್ರಮ್ಮ. ಅವತ್ತು ಅಂದದ್ದು ಇಷ್ಟೇ: "ಅಯ್ಯನೋರು ಜಗಳೂರಾಗೆ ಪುರಾಣ ಹೇಳಾಕೆ ಹೋಗ್ಯಾರೆ. ಶ್ರಾವಣ ಮುಗೀಲಿ. ಬಂದ ಮೇಲೆ ಕೇಳಿದ್ರಾಯ್ತು. ಈಗ ಉಣ್ಣು."

"ಶ್ರಾವಣ ಮುಗಿಯೋ ಹೊತ್ತಿಗೆ ವಾರ ದಾಟ್ತೈತವ್ವ!"

"ದಾಟಲಿ. ಸರ್ಕಾರದ ಲೆಕ್ಕಕ್ಕೆ ನಮ್ಮನೆ ಕೂಸು ಹುಟ್ಟಾಕಿಲ್ಲ."

ಶಿವಲೀಲಾ ಉಂಡಳು. ಅಳುತ್ತಲೇ ಉಂಡಳು. ಅತ್ತೆ ಉಣ್ಣು ಅಂದಿದ್ದರಲ್ಲ.

ಮರುದಿನದಿಂದ ಶಂಕ್ರಮ್ಮ ಟೊಂಕ ಕಟ್ಟಿ ನಿಂತಳು. ಎಲುಬು ಕಟ್ಟಿಲ್ಲ ಅಂದರೆ ಎಲುಬು ಕಟ್ಟುವಂಥದ್ದನ್ನು ಉಣ್ಣಿಸಬೇಕು, ಇದರಲ್ಲಿ ಡಾಕ್ಟರಿಗೆ ಗೊತ್ತಾಗುವಂಥದ್ದು ಏನಿದೆ ಅನ್ನುವುದು ಅವಳ ಲೆಕ್ಕ. ಬೆಳಿಗ್ಗೆ ಹಾಲು ಹಾಕಿದ ರಾಗಿ ಗಂಜಿ, ಮಧ್ಯಾಹ್ನ ನುಗ್ಗೆಸೊಪ್ಪಿನ ಪಲ್ಯ, ಸಂಜೆ ಎಳ್ಳುಂಡೆ. ಹೊನ್ನಾಳಿಯ ನುಗ್ಗೆಸೊಪ್ಪು ಬಲಿತಿರುತ್ತದೆಂದು ನ್ಯಾಮತಿ ಸಂತೆಯಿಂದ ಎಳೆ ಸೊಪ್ಪು ತರಿಸಿದಳು. ಖಾನಾವಳಿಯಲ್ಲಿ ಗಿರಾಕಿಗಳು ಪಲ್ಯಕ್ಕೆ ಕಾಯುತ್ತಿದ್ದರೂ ಮೊದಲ ಬಟ್ಟಲು ಒಳಕೋಣೆಗೆ ಹೋಗುತ್ತಿತ್ತು.

"ಏನ್ರೀ ಶಂಕ್ರಮ್ಮಾರೆ, ನಮಗೆ ಬರೀ ತಿಳಿಸಾರಾ?" ಎಂದು ಕಂಡಕ್ಟರ್ ಜಯಪ್ಪ ತಮಾಷೆ ಮಾಡಿದ.

"ನೀನು ಹಡೀಯೋದಿದ್ರೆ ಹೇಳು, ನಿಂಗೂ ಮಾಡ್ಕೊಡ್ತೀನಿ" ಎಂದಳು ಶಂಕ್ರಮ್ಮ. ಊಟಕ್ಕೆ ಕೂತವರೆಲ್ಲ ನಕ್ಕರು. ಒಳಗೆ ಏನು ನಡೆದಿದೆ ಅನ್ನುವುದು ಅವರಾರಿಗೂ ಗೊತ್ತಿರಲಿಲ್ಲ.

ನಾಗರತ್ನ ಬಂದು ತಾಯಿ ಕಾರ್ಡ್ ನೋಡಿ ತಲೆ ಚಚ್ಚಿಕೊಂಡಳು. "ಶಂಕ್ರಮ್ಮಾರೆ, ದಿನ ಕಳೀತಾ ಐತೆ. ಆಸ್ಪತ್ರೆಗೆ ಬರ್ರಿ ಅಂತ ಅವತ್ತೇ ಹೇಳ್ಯಾರಂತಲ್ಲ."

"ನಿಮ್ಮ ಆಸ್ಪತ್ರೆ ಗೋಡೆ ಮೇಲೆ ಏನು ಬರೆಸ್ಯಾರೆ ಓದೀಯೇನು? ಭ್ರೂಣಹತ್ಯೆ ಮಹಾಪಾಪ. ಸರ್ಕಾರನೇ ಪಾಪ ಅಂತೈತೆ, ಸರ್ಕಾರದೋಳು ನೀನು ಬಂದು ತೆಗೆಸ್ರಿ ಅಂತೀಯ."

"ಅದು ಹೆಣ್ಣು ಅಂತ ತಿಳ್ಕೊಂಡು ತೆಗೆಸೋರಿಗೆ ಬರೆಸಿದ್ದು ಕಣ್ರೀ. ಇದು ಬೇರೆ."

"ಪಾಪದಾಗೂ ಎರಡು ಥರ ಐತೇನು?"

ನಾಗರತ್ನ ಕಾರ್ಡ್ ಮಡಿಸಿಕೊಟ್ಟು ಎದ್ದಳು. ಹೋಗುವಾಗ ಶಿವಲೀಲಾಳಿಗೆ, ಅಂಗನವಾಡಿಗಾದರೂ ಬಾ, ಬಸುರಿಯರಿಗೆ ಅಲ್ಲಿ ಮೊಟ್ಟೆ ಕೊಡುತ್ತಾರೆ, ತಿನ್ನದವರಿಗೆ ಮೊಳಕೆ ಕಾಳು ಇದೆ ಎಂದು ಹೇಳಿ ಹೋದಳು. ಆ ಮಾತು ಶಂಕ್ರಮ್ಮನ ಕಿವಿಯಲ್ಲಿ ಕೂತುಬಿಟ್ಟಿತು. ಮೊಟ್ಟೆ. ಒಳಗೆ ಮೆತ್ತಗೆ, ಮೇಲೆ ಗಟ್ಟಿ ಚಿಪ್ಪು.

ಹುಟ್ಟಿದಾರಭ್ಯ ಮೊಟ್ಟೆ ಮುಟ್ಟಿದವಳಲ್ಲ. ಅದರ ವಾಸನೆ ಬಂದರೆ ಮೂಗಿಗೆ ಸೆರಗು ಹಿಡಿಯುವವಳು. ಅಂಥವಳು ಶ್ರಾವಣ ಮಾಸದಲ್ಲಿ, ಬಚ್ಚಲ ಹಿಂದೆ ಮೂರು ಕಲ್ಲು ಹೂಡಿ, ಹಳೇ ಅಲ್ಯೂಮಿನಿಯಂ ಬೋಗುಣಿಯಲ್ಲಿ ಮೊಟ್ಟೆ ಬೇಯಿಸಿದಳು. ಸಿಪ್ಪೆ ಸುಲಿಯುವಾಗ ಉಸಿರು ಕಟ್ಟಿ ಹಿಡಿದಳು. ಬಟ್ಟಲಲ್ಲಿ ಇಟ್ಟು, ಮೇಲೆ ತಟ್ಟೆ ಮುಚ್ಚಿ, ಸೊಸೆಯ ಕೋಣೆಗೆ ಒಯ್ದಳು.

ಶಿವಲೀಲಾ ನೋಡಿ ಬೆಚ್ಚಿದಳು. "ಅತ್ತೆ, ಇದು..."

"ಔಷಧ ಅಂತ ತಿಳ್ಕೊ. ಪಾಪ ಬಂದ್ರೆ ನಂಗೆ ಬರ್ಲಿ. ಕೂಸಿನ ತಲೆ ಗಟ್ಟಿ ಆಗಬೇಕೋ ಬ್ಯಾಡವೋ?"

ಶಿವಲೀಲಾ ತಲೆಯಾಡಿಸಿದಳು. ಶಂಕ್ರಮ್ಮ ಬಾಗಿಲು ಎಳೆದುಕೊಂಡು ಹೊರಗೆ ಬಂದು, ತಲೆ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಲಿಂಗಪೂಜೆಗೆ ಕೂತಳು. ಪೂಜೆ ಮುಗಿಸಿ ಹೋಗಿ ನೋಡಿದರೆ ಬಟ್ಟಲು ಖಾಲಿಯಾಗಿತ್ತು. ಅವಳ ಹೊಟ್ಟೆ ತಣ್ಣಗಾಯಿತು. ಅಂದಿನಿಂದ ದಿನವೂ ಅದೇ ನಡೆಯಿತು. ದಿನವೂ ಶಿವಲೀಲಾ ತಲೆಯಾಡಿಸುವಳು, ದಿನವೂ ಬಟ್ಟಲು ಖಾಲಿಯಾಗುವುದು. ಆ ಕೋಣೆಯ ಕಿಟಕಿ ಹಿಂದಿನ ಓಣಿಗೆ ತೆರೆಯುತ್ತಿತ್ತು. ಅದರ ಕೆಳಗೆ ಕೆಂದನೆಯ ನಾಯಿಯೊಂದು ಆ ವಾರದಿಂದ ಬಿಡಾರ ಹೂಡಿತ್ತು. ಶಂಕ್ರಮ್ಮ ಅದನ್ನು ಎಷ್ಟು ಅಟ್ಟಿದರೂ ಮತ್ತೆ ಬಂದು ಕೂರುತ್ತಿತ್ತು.

ಬೂದಿ ಗುಂಡಿಯಲ್ಲಿ ಸಿಪ್ಪೆ ಕಂಡವನು ಬೆನಕಪ್ಪ. ಅವನಿಗೆ ಎಂದೂ ಬರದ ಸಿಟ್ಟು ಬಂತು.

"ಏನೇ ಇದು?"

"ಮೊಟ್ಟೆ ಸಿಪ್ಪೆ. ಕಾಣಾಕಿಲ್ವಾ?"

"ಲಿಂಗಾಯತರ ಖಾನಾವಳಿ ಅಂತ ಬೋರ್ಡ್ ಹಾಕ್ಕೊಂಡು, ಶ್ರಾವಣದಾಗೆ, ಹಿತ್ತಲಾಗೆ ಮೊಟ್ಟೆ ಬೇಯಿಸ್ತೀಯಲ್ಲೇ! ತೆಗೆಸೋದು ಪಾಪ, ಇದು ಪಾಪ ಅಲ್ವೇನು?"

"ಇದು ಉಳಿಸಾಕೆ ಮಾಡೋ ಪಾಪ. ನಿಮ್ಮಂಗೆ ಕೈ ಕಟ್ಕೊಂಡು ಕೂರಾಕೆ ನಂಗಾಗಲ್ಲ."

"ಶಂಕ್ರೀ" ಎಂದ ಬೆನಕಪ್ಪ, ಸಿಟ್ಟಿಳಿದು. ಮದುವೆಯಾದ ಹೊಸದರಲ್ಲಿ ಹಾಗೆ ಕರೆಯುತ್ತಿದ್ದ. "ಅದು ಆಗದ ಮಾತು ಕಣೆ. ಹುಡುಗಿಗೆ ಯಾಕೆ ಆಸೆ ಹಚ್ತೀಯ?"

ಅವಳು ತಿರುಗಿ ಒಳಗೆ ಹೋದಳು. ಕೇಳದೆ ಹೋಗುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಅಷ್ಟರಲ್ಲಿ ಶಿವಲೀಲಾಳ ಹೊಟ್ಟೆ ಬೆಳೆಯತೊಡಗಿತು. ಬೆಳೆಯಿತು ಅಂದರೆ ನೋಡ ನೋಡುತ್ತ ಉಬ್ಬಿ ನಿಂತಿತು. ನೀರಿಗೆ ಬಂದ ಪಕ್ಕದ ಮನೆಯವರು, "ಏಳು ತುಂಬಿತೇನ್ರೀ? ಹೊಟ್ಟೆ ಭಾರಿ ಬಂದೈತೆ" ಅಂದರು. ಶಂಕ್ರಮ್ಮನಿಗೆ ಇನ್ನೇನು ಬೇಕು? ರಾಗಿ, ನುಗ್ಗೆ, ಮೊಟ್ಟೆ ಎಲ್ಲ ಹತ್ತಿದೆ, ಕೂಸು ತುಂಬಿಕೊಳ್ಳುತ್ತಿದೆ ಎಂದು ಅವಳು ದೃಷ್ಟಿ ತೆಗೆದಳು. ಬಾಗಿಲಲ್ಲೇ ಮಗನನ್ನು ತಡೆದು, "ನೋಡಿದ್ಯಾ? ನಿಮ್ಮ ಡಾಕ್ಟ್ರು ಏನಂದಿದ್ರು?" ಎಂದು ಕೇಳಿದಳು. ಮಹಾಂತೇಶನೂ ಹೆಂಡತಿಯ ಹೊಟ್ಟೆ ನೋಡಿ ಗೊಂದಲಕ್ಕೆ ಬಿದ್ದ. ಆಸೆ ಅನ್ನುವುದು ಅವನನ್ನೂ ಬಿಡಲಿಲ್ಲ. ದಾವಣಗೆರೆಗೆ ಹೋಗುವ ಮಾತನ್ನು ಅವನೂ ಎತ್ತುವುದು ಬಿಟ್ಟ. ಅತ್ತೆ, ಗಂಡ ಇಬ್ಬರೂ ನಗುವುದನ್ನು ಕಂಡು ಶಿವಲೀಲಾಳೂ ಒಂದು ದಿನ ನಕ್ಕಳು. ತನ್ನ ಹಳೇ ಕಾಟನ್ ಸೀರೆ ಹರಿದು ಮೆತ್ತನೆಯ ಬಟ್ಟೆ ತುಂಡುಗಳನ್ನು ಮಡಿಸಿಟ್ಟಳು.

ಆಮೇಲೆ ಅವಳಿಗೆ ಮಲಗಲು ಆಗದಾಯಿತು. ಮಲಗಿದರೆ ಉಸಿರು ಸಿಕ್ಕಿಕೊಳ್ಳುವುದು. ಗೋಡೆಗೆ ಒರಗಿ ಕೂತು ಏದುಸಿರು ಬಿಡುವುದನ್ನು ನಾಗರತ್ನ ನೋಡಿದವಳೇ ಯಾರನ್ನೂ ಕೇಳಲಿಲ್ಲ. ಆಟೋ ತರಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಳು. ಶಂಕ್ರಮ್ಮ ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದಳು.

ಅಲ್ಲಿದ್ದ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದಳು, ಹಳೇ ಸ್ಕ್ಯಾನಿಂಗ್ ರಿಪೋರ್ಟ್ ತಿರುವಿದಳು.

"ಇಷ್ಟು ದಿನ ಏನು ಮಾಡ್ತಿದ್ರಿ?"

"ಚೆನ್ನಾಗಿ ಉಣ್ಣಾಕೆ ಹಾಕ್ತಿದ್ವಿ ಮೇಡಮ್ಮಾರೆ. ಕೂಸು ಬೆಳೆದೈತಲ್ಲ" ಎಂದಳು ಶಂಕ್ರಮ್ಮ.

"ಬೆಳೆದಿರೋದು ಕೂಸಲ್ಲ ಅಮ್ಮ. ನೀರು. ಇಂಥ ಕೂಸಿಗೆ ನುಂಗೋಕೆ ಬರಲ್ಲ, ಅದಕ್ಕೇ ಸುತ್ತ ನೀರು ತುಂಬಿಕೊಳ್ಳುತ್ತೆ. ಹೀಗೇ ಬಿಟ್ರೆ ನಿಮ್ಮ ಸೊಸೆಗೆ ಕಷ್ಟ."

ಇಷ್ಟು ದಿನ ಶಂಕ್ರಮ್ಮ ದೃಷ್ಟಿ ತೆಗೆದದ್ದು ನೀರಿಗೆ. ಸೊಸೆಯ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ಇಪ್ಪತ್ನಾಲ್ಕು ವಾರ ದಾಟಿತ್ತು. ಸಹಿಯಲ್ಲಿ ಮುಗಿಯುತ್ತಿದ್ದ ಕೆಲಸ ಈಗ ಬೋರ್ಡಿನ ಮುಂದೆ ಹೋಯಿತು. ದಾವಣಗೆರೆಯ ದೊಡ್ಡ ಸರ್ಕಾರಿ ಆಸ್ಪತ್ರೆಯ ಒಂದು ಕೋಣೆಯಲ್ಲಿ ಐದಾರು ಡಾಕ್ಟರುಗಳು ಕೂತಿದ್ದರು. ಮತ್ತೊಂದು ಸ್ಕ್ಯಾನಿಂಗ್ ಆಯಿತು. ಆಮೇಲೆ ನರ್ಸ್ ಹೊರಗೆ ಬಂದು ಶಿವಲೀಲಾಳನ್ನು ಒಳಗೆ ಕರೆದಳು. ಶಂಕ್ರಮ್ಮನೂ ಎದ್ದಳು.

"ನೀವು ಹೊರಗಿರ್ರಿ. ಅವರೊಬ್ಬರೇ ಬರಬೇಕು."

"ನಾನು ಅವಳತ್ತೆ."

"ಗೊತ್ತಮ್ಮ. ಅವರ ಮಾತು ಅವರೇ ಹೇಳಬೇಕು. ಗಂಡನೂ ಬರೋ ಹಂಗಿಲ್ಲ."

"ನಮ್ಮನೆ ಕೂಸಿನ ಮಾತಾಡಾಕೆ ನನ್ನ ಬಿಟ್ಟು ಸರ್ಕಾರ ಯಾರು?" ಎಂದು ಶಂಕ್ರಮ್ಮ ಕೂಗಿದಳು. ಜನ ತಿರುಗಿ ನೋಡಿದರು. ಮಹಾಂತೇಶ ಅವಳ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದ. ಬಾಗಿಲು ಮುಚ್ಚಿತು. ಎದುರಿನ ಗೋಡೆಯ ಮೇಲೆ, ಇಲ್ಲೂ, ಭ್ರೂಣಹತ್ಯೆ ಮಹಾಪಾಪ ಎಂದು ದೊಡ್ಡಕ್ಷರದಲ್ಲಿ ಬರೆದಿತ್ತು. ಪಕ್ಕದಲ್ಲಿ ನಗುವ ಕೂಸಿನ ಚಿತ್ರವಿತ್ತು, ಗುಂಡಗಿನ ತಲೆಯದು. ಶಂಕ್ರಮ್ಮ ಬಾಗಿಲು ತೆರೆಯುವವರೆಗೂ ಆ ತಲೆಯನ್ನೇ ನೋಡುತ್ತ ಕೂತಿದ್ದಳು.

ಶಿವಲೀಲಾ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಹೊರಬಂದಳು.

"ಏನು ಕೇಳಿದ್ರವ್ವ?"

"ನಿನ್ನ ಇಷ್ಟ ಏನಮ್ಮ ಅಂತ ಕೇಳಿದ್ರು." ಅವಳ ಕಣ್ಣು ಒಣಗಿತ್ತು. "ಆಗಲಿ ಅಂದೆ ಅತ್ತೆ. ನೀವು ಹೇಳ್ತೀರೇನೋ ಅಂತ ಇಷ್ಟು ದಿನ ಕಾದೆ. ನೀವು ಹೇಳಲಿಲ್ಲ."

ಬೋರ್ಡಿನವರು ಒಪ್ಪಿಗೆ ಕೊಟ್ಟರು. ಶಿವಲೀಲಾಳನ್ನು ವಾರ್ಡಿಗೆ ಸೇರಿಸಿದರು. ಮಹಾಂತೇಶನನ್ನು ಅಲ್ಲೇ ಬಿಟ್ಟು ಶಂಕ್ರಮ್ಮ ಜಗಳೂರಿನ ಬಸ್ಸು ಹತ್ತಿದಳು. ಅವಳಿಗೆ ಒಂದೇ ಒಂದು ಮಾತು ಬೇಕಾಗಿತ್ತು, ಪಾಪವೋ ಅಲ್ಲವೋ. ಅದನ್ನು ಕೈಯಲ್ಲಿ ಹಿಡಿದು ಬಂದು ಸೊಸೆಗೆ ಕೊಟ್ಟರೆ ಅಷ್ಟಾದರೂ ಹಗುರಾಗುತ್ತದೆ.

ಪುರಾಣ ಮುಗಿಸಿ ರುದ್ರಮುನಿ ಅಯ್ಯನವರು ಗುಡಿಯ ಪಡಸಾಲೆಯಲ್ಲಿ ಕೂತಿದ್ದರು. ವಯಸ್ಸಾದವರು, ಗಂಟಲು ಬಿದ್ದುಹೋಗಿತ್ತು. ಶಂಕ್ರಮ್ಮ ನಡೆದದ್ದನ್ನೆಲ್ಲ ಹೇಳಿದಳು.

"ಶಾಸ್ತ್ರದಾಗೆ ಏನೈತೆ ಹೇಳ್ರಿ ಅಯ್ಯನೋರೆ."

"ಐದನೇ ತಿಂಗಳಿಗೆ ಕಟ್ಟು ಅಂತಾನೇ ಇಲ್ಲ. ನೀನು ಕಾಡಿದೆ, ನಾನು ಕಟ್ಟಿದೆ. ಇಲ್ಲದ್ದನ್ನ ಮಾಡಿ ಈಗ ಇಲ್ಲದ್ದನ್ನ ಹೇಳು ಅಂದ್ರೆ ಎಲ್ಲಿಂದ ತರಲಿ?"

"ಹಂಗಾದ್ರೆ ಪಾಪ ಯಾರಿಗೆ?"

"ನಂಗೆ ಗೊತ್ತಿಲ್ಲ ಕಣಮ್ಮ." ಅವರು ಅದನ್ನು ಸಂಕೋಚವಿಲ್ಲದೆ ಹೇಳಿದರು. "ಗೊತ್ತಿರೋದು ಒಂದೇ. ಲಿಂಗ ಆದೋರು ಹೋದಾಗ ಏನು ಮಾಡ್ತೀವೋ ಅದನ್ನ ಮಾಡಬೇಕು. ಅದರ ಲಿಂಗ ಅದರ ಎಡಗೈಯಾಗೆ ಇಟ್ಟು ಮಣ್ಣು ಮಾಡ್ರಿ. ಆಸ್ಪತ್ರೆಯೋರಿಗೆ ಮೊದ್ಲೇ ಹೇಳಿಡು, ಇಲ್ಲಾಂದ್ರೆ ಅವರೇ ಮಣ್ಣಿಗೆ ಹಾಕಿಬಿಡ್ತಾರೆ."

ಪ್ರಸಾದಕ್ಕೆ ಕೂರು ಎಂದರು. ಜೀವನದಲ್ಲಿ ಮೊದಲ ಸಲ ಶಂಕ್ರಮ್ಮ ಎಲೆ ಹಾಸಿದ ಪಂಕ್ತಿಯ ಮುಂದಿನಿಂದ ಉಣ್ಣದೆ ಎದ್ದು ಬಂದಳು.

ವಾರ್ಡಿನ ನರ್ಸುಗಳು ಒಳ್ಳೆಯವರು. ಕೂಸನ್ನು ಮನೆಯವರು ಒಯ್ಯುತ್ತಾರೆ ಎಂದದ್ದಕ್ಕೆ ಯಾರೂ ಅಡ್ಡ ಮಾತಾಡಲಿಲ್ಲ. ನೋವು ಶುರುವಾದ ಮೇಲೆ ಶಿವಲೀಲಾ ಒಂದು ದಿನ ಪೂರ್ತಿ ಒದ್ದಾಡಿದಳು. ಶಂಕ್ರಮ್ಮ ಬೆನ್ನು ನೀವಿದಳು, ನೀರು ಕುಡಿಸಿದಳು, ಮುಖ ಒರೆಸಿದಳು. ಹೆರಿಗೆ ಕೋಣೆಯ ಆಚೆ ಬೇರೆಯವರ ಕೂಸುಗಳು ಅಳುತ್ತಿದ್ದವು. ಶಿವಲೀಲಾಳದು ಅಳಲಿಲ್ಲ.

ನರ್ಸ್ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು. ತಲೆಯ ಭಾಗವನ್ನು ಬೇರೆಯದೇ ಬಟ್ಟೆಯಲ್ಲಿ ಟೊಪ್ಪಿಗೆಯ ಹಾಗೆ ಮುಚ್ಚಿದ್ದಳು. "ಅದನ್ನ ಬಿಚ್ಚಬೇಡ್ರಿ ಅಮ್ಮ" ಎಂದಳು ಮೆಲ್ಲಗೆ. ಹೆಣ್ಣು ಕೂಸು. ಮೂಗು, ತುಟಿ, ಗಲ್ಲ ಎಲ್ಲ ಶಿವಲೀಲಾಳದೇ. ಶಂಕ್ರಮ್ಮ ಸೊಸೆಯ ಕೊರಳಿಂದ ತಂದ ಲಿಂಗವನ್ನು ಸೆರಗಿನ ಗಂಟಿನಿಂದ ತೆಗೆದಳು. ಕೂಸಿನ ಎಡಗೈ ಬಿಡಿಸಿದಳು.

ಲಿಂಗ ಆ ಅಂಗೈಗಿಂತ ದೊಡ್ಡದಿತ್ತು. ಇಟ್ಟರೆ ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ಎಷ್ಟೋ ಸಾವು ಕಂಡ ಹೆಂಗಸು ಅವಳು. ಹಿರಿಯರ ಕೈಯಲ್ಲಿ ಲಿಂಗ ಇಡುವುದನ್ನು ನೋಡಿದ್ದಳು, ತಾನೇ ಇಟ್ಟಿದ್ದಳು. ಎಂಟು ತುಂಬಲು ಯಾಕೆ ಕಾಯುತ್ತಾರೆ ಅನ್ನುವುದು ಅವಳಿಗೆ ಈಗ ಹೊಳೆಯಿತು, ಹೊಳೆದದ್ದರಿಂದ ಯಾರಿಗೂ ಪ್ರಯೋಜನವಿರಲಿಲ್ಲ. ಕೊನೆಗೆ ಶಿವದಾರವನ್ನೇ ಆ ಪುಟ್ಟ ಕೈಗೆ ಸುತ್ತಿ ಸುತ್ತಿ ಲಿಂಗವನ್ನು ಕಟ್ಟಿದಳು. ಕಟ್ಟುವಾಗ ಬಾಯಿಬಿಟ್ಟು ಅತ್ತಳು. ಹೊನ್ನಾಳಿಯಿಂದ ಬಂದು ಕಾರಿಡಾರಿನಲ್ಲಿ ನಿಂತಿದ್ದ ಬೆನಕಪ್ಪ ಒಳಬಂದು ಅವಳ ಬೆನ್ನ ಮೇಲೆ ಕೈಯಿಟ್ಟ. ಅಪ್ಪ ಮಗ ಕೂಸನ್ನು ಊರಿಗೆ ಒಯ್ದು, ತುಂಬಿ ಹರಿಯುತ್ತಿದ್ದ ಹೊಳೆಯ ದಂಡೆಯ ರುದ್ರಭೂಮಿಯಲ್ಲಿ, ಎತ್ತರದ ಜಾಗ ನೋಡಿ ಮಣ್ಣು ಮಾಡಿದರು.

ಶಿವಲೀಲಾ ಮನೆಗೆ ಬಂದಳು. ಶಂಕ್ರಮ್ಮ ಬಾಣಂತಿಗೆ ಮಾಡುವುದನ್ನೆಲ್ಲ ಮಾಡಿದಳು. ಎಣ್ಣೆ ಹಚ್ಚಿದಳು, ಬಿಸಿ ನೀರು ಹಾಕಿದಳು, ಬೆಳ್ಳುಳ್ಳಿ ಮೆಣಸಿನ ಸಾರು ಮಾಡಿದಳು. ಹಾಲು ಕಟ್ಟಿಕೊಂಡು ಎದೆ ನೋಯುತ್ತಿದ್ದಾಗ ಬಟ್ಟೆ ಬಿಸಿ ಮಾಡಿ ಶಾಖ ಕೊಟ್ಟಳು. ನಾಗರತ್ನ ಬಂದು ಕೆಲವು ಗುಳಿಗೆ ಕೊಟ್ಟಳು. ಮುಂದಿನ ಸಲ ಬಸಿರಾಗುವ ಮೊದಲೇ ಇವನ್ನು ಶುರುಮಾಡಬೇಕು ಎಂದು ಹೇಳಿದಳು. ಶಂಕ್ರಮ್ಮ ಅವನ್ನು ದೇವರ ಗೂಡಿನಲ್ಲಿ ಎತ್ತಿಟ್ಟಳು.

ಒಂದು ಸಂಜೆ ಶಂಕ್ರಮ್ಮ ತಟ್ಟೆ ತಂದು ಮುಂದಿಟ್ಟಳು. ಕಿಟಕಿಯ ಹೊರಗೆ ಆ ಕೆಂದನೆಯ ನಾಯಿ ಕುಂಯ್ ಅಂದಿತು. ಶಿವಲೀಲಾ ತಟ್ಟೆ ಮುಟ್ಟಲಿಲ್ಲ.

"ಅತ್ತೆ, ಒಂದು ಮಾತು ಹೇಳಬೇಕಿತ್ತು."

"ಮೊದ್ಲು..." ಎನ್ನಹೋದ ಶಂಕ್ರಮ್ಮ ತಡೆದುಕೊಂಡಳು. "ಹೇಳವ್ವ."

"ಆ ಮೊಟ್ಟೆ ನಾನು ಒಂದು ದಿನಾನೂ ತಿನ್ನಲಿಲ್ಲ."

ಶಂಕ್ರಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಕೊರಳಾಗೆ ಎರಡು ಲಿಂಗ ಇದ್ವಲ್ಲ ಅತ್ತೆ. ನನ್ನದಾದ್ರೆ ಹೋಗಲಿ ಅಂತಿದ್ದೆ. ಕೂಸಿಂದೂ ಐತಲ್ಲ, ಅದರ ಮುಂದೆ ಹೆಂಗೆ ತಿನ್ನಲಿ? ಕಿಟಕಿಯಿಂದ ನಾಯಿಗೆ ಹಾಕ್ತಿದ್ದೆ. ನೀವು ಕೇಳಿದಾಗೆಲ್ಲ ತಲೆ ಆಡಿಸ್ತಿದ್ದೆ." ಶಿವಲೀಲಾ ಕಿಟಕಿಯ ಕಡೆ ನೋಡಿದಳು. "ಅದಕ್ಕೇ ಏನತ್ತೆ? ನಾನು ತಿಂದಿದ್ರೆ ತಲೆ ಕಟ್ತಿತ್ತಾ?"

ಶಂಕ್ರಮ್ಮ ಸೊಸೆಯ ಎರಡೂ ಕೈ ಹಿಡಿದುಕೊಂಡಳು. "ಇಲ್ಲ ಮಗಳೇ. ಮೊಟ್ಟೆ ತಿಂದ್ರೆ ಕಟ್ಟೋದಲ್ಲ ಅದು. ರಾಗಿಯಿಂದಾನೂ ಅಲ್ಲ, ನುಗ್ಗೆಯಿಂದಾನೂ ಅಲ್ಲ. ಡಾಕ್ಟ್ರಮ್ಮ ಅವತ್ತೇ ಹೇಳಿ ಕಳಿಸಿದ್ಲು. ಮಹಾಂತೇಶ ನನ್ನ ಮುಂದೆ ನಿಂತು ಹೇಳ್ದ. ನಾನೇ ಕೇಳಿಸ್ಕಳಲಿಲ್ಲ. ತಪ್ಪು ನಂದು, ನಿಂದೇನೂ ಇಲ್ಲ. ತಿಳೀತಾ?"

ಶಿವಲೀಲಾ ಅತ್ತೆಯ ಮುಖ ನೋಡಿದಳು. ಆಮೇಲೆ, ಮೊಟ್ಟೆಯ ಬಟ್ಟಲು ಮುಂದಿಟ್ಟಾಗ ಆಡಿಸುತ್ತಿದ್ದ ಹಾಗೆಯೇ, ತಲೆಯಾಡಿಸಿದಳು.

ತಪ್ಪು ನಿಂದಲ್ಲ ಎಂದು ಶಂಕ್ರಮ್ಮ ಮಾರನೆಯ ದಿನ ಮತ್ತೆ ಹೇಳಿದಳು. ಅದರ ಮಾರನೆಯ ದಿನವೂ ಹೇಳಿದಳು. ಈಗಲೂ ಗಿರಾಕಿಗಳ ಊಟ ಮುಗಿದ ಮೇಲೆ, ಸೊಸೆಯ ತಟ್ಟೆಗೆ ರೊಟ್ಟಿ ಹಾಕುವ ಮೊದಲು, ಅದನ್ನೇ ಹೇಳುತ್ತಾಳೆ.